ಅತ್ತೆಯ ಕೀನ್ಯಾ ಪ್ರಯಾಣ

ಜನವರಿ ೯, ಮಾನ್ವಿ

ಅಕ್ಕಿ ಮಿಲ್ಲಿನ ಮಾಲೀಕರಾದ ಶರಣಯ್ಯನವರು ಈ ವರ್ಷವೂ ಆಫೀಸಿನವರಿಗೆಲ್ಲ ಡೈರಿ ಕೊಟ್ಟರು. ಹೋದ ವರ್ಷದ್ದು ಖಾಲಿ ಹೋಯಿತು. ಈ ಸಲ ಬರೆಯಲು ಒಂದು ವಿಷಯವಿದೆ. ನನ್ನ ಅತ್ತೆ ಬೂದೆಮ್ಮನವರನ್ನು ಏಪ್ರಿಲ್‌ನಲ್ಲಿ ಕೀನ್ಯಾ ದೇಶಕ್ಕೆ ಕರೆದಿದ್ದಾರೆ. ಬೇರೆ ಬೇರೆ ದೇಶಗಳ ಕುರಿಗಾರರು ಅಲ್ಲಿ ಸೇರುತ್ತಾರಂತೆ. ಕರಿ ಉಣ್ಣೆಯ ನಾಟಿ ಕುರಿಗಳನ್ನು ಬಿಡದೆ ಉಳಿಸಿಕೊಂಡು ಬಂದವರೆಂದು ದೇವದುರ್ಗದ ಕುರಿಗಾರರ ಸಂಘದವರು ಅತ್ತೆಯ ಹೆಸರು ಕೊಟ್ಟಿದ್ದರು. ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಜೊತೆಗೊಬ್ಬರು ಬೇಕು. ಮಿಲ್ಲಿನಿಂದ ಹೊರದೇಶಕ್ಕೆ ಹೋಗುವ ಪತ್ರಗಳನ್ನು ಬರೆಯುವುದು ನಾನೇ ಆದ್ದರಿಂದ ಆ ಒಬ್ಬರು ನಾನು. ನಮ್ಮ ಯಜಮಾನರು ನನ್ನನ್ನು ಕೇಳದೆಯೇ ಹೂಂ ಅಂದುಬಿಟ್ಟಿದ್ದಾರೆ.

ನಿದ್ದೆ ಬರುತ್ತಿದೆ. ಸಾಕು.

ಜನವರಿ ೧೫, ಗೂಗಲ್

ಸಂಕ್ರಾಂತಿಗೆ ಅತ್ತೆಯ ಊರಿಗೆ ಬಂದಿದ್ದೇವೆ. ಎಲ್ಲರೂ ಹೊಳೆಗೆ ಹೋಗಿ ಮಿಂದು ಅಲ್ಲಮಪ್ರಭುವಿನ ದರ್ಶನ ಮಾಡಿ ಬುತ್ತಿ ಬಿಚ್ಚಿದರು. ನಾನು ಗಿಡದ ನೆರಳಿಗೆ ಕೂತವಳು ಹಾಗೇ ನಿದ್ದೆ ಹೋದೆ. ಎದ್ದಾಗ ಊಟ ಮುಗಿದಿತ್ತು. ನೆಂಟರ ಮುಂದೆ ಅತ್ತೆ, "ನಮ್ಮ ರಾಧಾ ಕುಂತಲ್ಲೇ ಕಲ್ಲಾಗ್ತಾಳ" ಅಂದರು. ಎಲ್ಲರೂ ನಕ್ಕರು. ಮದುವೆಯಾದಾಗಿನಿಂದ ಕೇಳುತ್ತಿರುವ ಮಾತು. ಸುಳ್ಳೂ ಅಲ್ಲ.

ಜನವರಿ ೨೨

ಪಾಸ್‌ಪೋರ್ಟುಗಳು ಬಂದವು. ಅತ್ತೆಯದರಲ್ಲಿ ಹುಟ್ಟಿದ ದಿನ ೧೯೬೦ರ ಜನವರಿ ಒಂದು. ಆಧಾರ್ ಪ್ರಕಾರ ಗೂಗಲ್ಲಿನ ಅರ್ಧ ಊರು ಹುಟ್ಟಿರುವುದು ಜನವರಿ ಒಂದಕ್ಕೇ.

ಮಿಲ್ಲಿನಲ್ಲಿ ಕೆಲಸ ಏನೂ ಆಗಲಿಲ್ಲ. ಸ್ಯಾಂಪಲ್ ಅಕ್ಕಿ ಬಾಯಾಡಿಸುತ್ತ ಕೂತಿದ್ದೆ.

ಜನವರಿ ೨೯

ಅತ್ತೆಯನ್ನು ಕರೆದುಕೊಂಡು ರಾಯಚೂರಿಗೆ ಹೋಗಿದ್ದೆ. ಪ್ರವಾಸದ ವಿಮೆ ಮಾಡಿಸುವ ಸುಭಾಷ್ ಎಂಬುವರನ್ನು ಸಂಘದವರೇ ಗೊತ್ತುಮಾಡಿಕೊಟ್ಟಿದ್ದರು. ಒಳ್ಳೆಯ ಮನುಷ್ಯ, ಆದರೆ ಮಾತು ಜಾಸ್ತಿ. ಪರದೇಶದಲ್ಲಿ ಜ್ವರ ಬಂದರೆ, ಬಿದ್ದು ಕಾಲು ಮುರಿದರೆ, ಸಾಮಾನು ಕಳೆದರೆ ಏನೇನು ಮಾಡಬೇಕೆಂದು ಹೇಳಿದರು. ಆಸ್ಪತ್ರೆಗೆ ಸೇರುವ ಮೊದಲು ಕಂಪನಿಯ ನಂಬರಿಗೆ ಫೋನ್ ಮಾಡಬೇಕು. ಮೊದಲಿನಿಂದ ಇರುವ ಕಾಯಿಲೆಯನ್ನು ಈಗಲೇ ಹೇಳಬೇಕು, ಮುಚ್ಚಿಟ್ಟರೆ ಆಮೇಲೆ ಏನೂ ಬರುವುದಿಲ್ಲ. ಅತ್ತೆಯ ಬಿಪಿ, ಸಕ್ಕರೆ, ಎದೆ, ಮೊಣಕಾಲು ಎಲ್ಲ ಒಂದೊಂದಾಗಿ ಕೇಳಿದರು. ಕೊನೆಗೆ ನನ್ನ ಕಡೆ ತಿರುಗಿ, ನಿಮಗೇನ್ರಿ ಅಂದರು. ಏನಿಲ್ಲ ಅಂದೆ. ಹಾಗೇ ಬರೆದುಕೊಂಡರು.

ಇಬ್ಬರಿಗೂ ಡಾಕ್ಟರ ಪತ್ರ ಬೇಕಂತೆ. ಮತ್ತೆ ರಾಯಚೂರಿಗೆ ಹೋಗಬೇಕು. ನೆನೆಸಿಕೊಂಡರೇ ಕಾಲು ಸೋಲುತ್ತವೆ.

ಫೆಬ್ರವರಿ ೪

ರಾಯಚೂರಿನ ಡಾಕ್ಟರು ಸುನಂದಾ ಅಂತ. ಅತ್ತೆಯನ್ನು ಮಲಗಿಸಿ, ಕೂರಿಸಿ, ನಡೆಸಿ ನೋಡಿದರು. ಇಸಿಜಿ ಮಾಡಿಸಿದರು. ಬಿಪಿ ಸರಿ ಇದೆ, ಸಕ್ಕರೆ ಇಲ್ಲ. ನಿಮ್ಮ ಅತ್ತೆ ಗಟ್ಟಿ ಇದ್ದಾರೆ ಅಂದರು. ಅತ್ತೆ ಮದುವೆಯ ಮನೆಯಲ್ಲಿ ಕೂತಂತೆ ಹಿಗ್ಗಿ ಕೂತಿದ್ದರು.

ಆಮೇಲೆ ನನ್ನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು. ಕೈ ತಿರುಗಿಸಿ ಉಗುರು ನೋಡಿದರು. ಅತ್ತೆಯೂ ಎದ್ದು ಬಂದು ನನ್ನ ಕಣ್ಣನ್ನು ಬಗ್ಗಿ ನೋಡಿದರು. ಮುಟ್ಟಾದಾಗ ರಕ್ತ ಎಷ್ಟು ಹೋಗುತ್ತದೆ ಎಂದು ಡಾಕ್ಟರು ಕೇಳಿದಾಗ ಎಲ್ಲರಿಗೂ ಹೋಗುವಷ್ಟೇ ಅಂದೆ. ಬಿಡಿಸಿ ಕೇಳಿದ ಮೇಲೆ ತಿಳಿಯಿತು, ಎಲ್ಲರಿಗೂ ಅಷ್ಟು ಹೋಗುವುದಿಲ್ಲವಂತೆ. ಮಣ್ಣು, ಸೀಮೆಸುಣ್ಣ, ಅಕ್ಕಿ ತಿನ್ನಬೇಕು ಅನ್ನಿಸುತ್ತದೆಯೇ ಎಂದರು. ನನ್ನ ಬ್ಯಾಗಿನಲ್ಲಿ ಆಗಲೂ ಒಂದು ಪೊಟ್ಟಣ ಸೋನಾ ಮಸೂರಿ ಇತ್ತು. ಇವರಿಗೆ ಹೇಗೆ ಗೊತ್ತಾಯಿತು ಎಂದು ನಾಚಿಕೆಯಾಯಿತು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಆರು ಚಿಲ್ಲರೆ ಬಂತು. ಹನ್ನೆರಡು ಇರಬೇಕಿತ್ತಂತೆ. ಇಷ್ಟರಲ್ಲಿ ನೀವು ಆಫೀಸಿಗೆ ಹೋಗಿ ಬಂದು ಮಾಡುತ್ತಿದ್ದಿರಾ ಎಂದು ಡಾಕ್ಟರು ಕೇಳಿದರು. ಅತ್ತೆಗೆ ಪತ್ರ ಕೊಟ್ಟರು. ನನಗೆ ಕೊಡಲಿಲ್ಲ.

ಬಸ್ಸು ಕಲ್ಲೂರು ದಾಟಿತು. ಅತ್ತೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ಹಿಂಡಿನಾಗ ಒಂದೊಂದು ಕುರಿದೂ ಕಣ್ಣ ರೆಪ್ಪಿ ಎತ್ತಿ ನೋಡ್ತೀನಿ ನಾ. ಬೆಳ್ಳಗಿದ್ರ ಔಷಧ ಹಾಕ್ತೀನಿ. ನಿನ್ನ ಮಾರಿ ಒಂದಿನಾನೂ ನೋಡಲಿಲ್ಲ."

ಮಾನ್ವಿಯಲ್ಲಿ ಅವರು ಗೂಗಲ್ಲಿಗೆ ಬಸ್ಸು ಬದಲಿಸಬೇಕಿತ್ತು. ಬದಲಿಸದೆ ನನ್ನ ಜೊತೆ ಮನೆಗೆ ಬಂದರು.

ಫೆಬ್ರವರಿ ೫

ದಿನವಿಡೀ ಮಲಗಿದ್ದೆ. ಯಾರೂ ಏನೂ ಅನ್ನಲಿಲ್ಲ.

ಫೆಬ್ರವರಿ ೮

ಯಜಮಾನರಿಗೆ ಇವತ್ತು ಬಸ್ ಡ್ಯೂಟಿ ಇರಲಿಲ್ಲ. ಮೂವರೂ ಕೂತು ಮಾತಾಡಿದೆವು. ಸುಭಾಷ್ ಅವರಿಗೆ ಈಗಾಗಲೇ ಏನಿಲ್ಲ ಅಂತ ಬರೆಸಿ ಆಗಿದೆ, ಹಾಗೇ ಇರಲಿ, ಅಲ್ಲಿ ಹೋಗಿ ಬರುವಷ್ಟರಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದು ಯಜಮಾನರು ಅಂದರು. ಕೆಟ್ಟ ಮನಸ್ಸಿನಿಂದಲ್ಲ. ತಾಯಿಯ ಪ್ರಯಾಣ ತಪ್ಪಬಾರದೆಂಬ ಆಸೆ.

ಅತ್ತೆ ಅಂದರು: "ನಿಂಗರಾಜ, ಕುರಿ ಮಾರುವಾಗ ಕುಂಟ ಇದ್ರ ಕುಂಟ ಅಂತ ಹೇಳೇ ಮಾರ್ತೀವಿ. ಮನಿ ಸೊಸಿ ವಿಷಯದಾಗ ಸುಳ್ಳು ಹೇಳಿ ವಿಮಾನ ಹತ್ತಲೇನು?"

ನಾನು ಇನ್ನೊಂದು ದಾರಿ ಹೇಳಿದೆ. ದೇವದುರ್ಗದ ಸಂಘದಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವ ಹುಡುಗಿಯೊಬ್ಬಳಿದ್ದಾಳೆ, ಮೌನೇಶನೆಂಬ ಅವರ ಕಾರ್ಯದರ್ಶಿಗೆ ಫೋನ್ ಮಾಡಿ ಅವಳ ಹೆಸರು ಹಾಕಿಸೋಣ, ನೀವು ನಿಶ್ಚಿಂತೆಯಿಂದ ಹೋಗಿಬನ್ನಿ ಎಂದೆ. ಇಂಥ ಅವಕಾಶ ಅವರ ಜೀವನದಲ್ಲಿ ಮತ್ತೆ ಬರುವುದಿಲ್ಲ. ನನ್ನ ದೆಸೆಯಿಂದ ಅದು ತಪ್ಪಿಹೋದರೆ ನನಗೆ ಸಮಾಧಾನವಿರುವುದಿಲ್ಲ.

"ಬ್ಯಾರೇದೋರು ನಾ ಹೇಳಿದ್ದು ಬಿಟ್ಟು ತಾವು ತಿಳಕೊಂಡಿದ್ದು ಹೇಳ್ತಾರ. ನೀ ಬರಂಗಿದ್ರ ನಾ ಹೋಗ್ತೀನಿ, ಇಲ್ಲಂದ್ರ ಇಲ್ಲ" ಎಂದು ಹೇಳಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದರು. ನಾನು ಎದ್ದು ಹೋಗಬೇಕಿತ್ತು. ಏಳಲಾಗಲಿಲ್ಲ.

ಫೆಬ್ರವರಿ ೧೧

ರಾಯಚೂರಿನ ಆಸ್ಪತ್ರೆಯಲ್ಲಿ ಕಬ್ಬಿಣಾಂಶದ ಸಲೈನ್ ಹಾಕಿದರು. ಇನ್ನೂ ಒಂದು ಸಲ ಹಾಕುತ್ತಾರಂತೆ. ಕೆಂಪುಮಣ್ಣು ಕಲಸಿದ ನೀರಿನಂತಿತ್ತು. ಸ್ಕ್ಯಾನಿನಲ್ಲಿ ಗರ್ಭಕೋಶದಲ್ಲಿ ಸಣ್ಣ ಗಡ್ಡೆ ಕಂಡಿದೆ, ಹೆದರುವಂಥದ್ದಲ್ಲ, ರಕ್ತ ಹೋಗುವುದು ಕಡಿಮೆಯಾಗಲು ಮಾತ್ರೆ ಸಾಕು ಎಂದರು. ಹೈಸ್ಕೂಲಿನಲ್ಲಿ ಓದುವ ಮಗಳು ಯಶೋದಾ ಸಂಜೆ ಬಂದವಳೇ ನನ್ನ ಕೈಮೇಲಿನ ಬ್ಯಾಂಡೇಜು ಹಿಡಿದುಕೊಂಡು ಬಹಳ ಹೊತ್ತು ಕೂತಳು.

ಸುಭಾಷ್ ಅವರ ಹತ್ತಿರವೂ ಹೋಗಿ ಮೊದಲು ಹೇಳಿದ್ದನ್ನು ಬದಲಿಸಿದೆ. ಆಗ ನನಗೇ ಗೊತ್ತಿರಲಿಲ್ಲ ಎಂದೆ. ಈಗ ಗೊತ್ತಾಗಿದ್ದು ಚಲೋ ಆತ್ರಿ ಅಂದರು. ಅಷ್ಟೇ.

ಫೆಬ್ರವರಿ ೧೫

ಶಿವರಾತ್ರಿ. ಉಪವಾಸ ಬೇಡವೆಂದರು ಅತ್ತೆ. ಮದುವೆಗೆ ಮೊದಲಿನಿಂದಲೂ ಒಂದು ವರ್ಷವೂ ತಪ್ಪಿಸಿಲ್ಲ ಎಂದೆ. "ಶಿವಗ ನಾ ಹೇಳ್ತೀನಿ, ನೀ ಉಣ್ಣು" ಎಂದು ತಟ್ಟೆ ಮುಂದಿಟ್ಟರು. ಪುಂಡಿ ಪಲ್ಯ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ತಾವು ಮಾತ್ರ ನೀರು ಕುಡಿದುಕೊಂಡು ಎದುರಿಗೆ ಕೂತು ನಾನು ತಿನ್ನುವುದನ್ನು ನೋಡುತ್ತಿದ್ದರು. ಪೂಜೆಯ ಹೊತ್ತಿಗೆ ನಮ್ಮಿಬ್ಬರ ಉಪವಾಸವನ್ನೂ ತಾವೇ ಒಪ್ಪಿಸಿದರೆಂದು ಕಾಣುತ್ತದೆ, ದೇವರ ಮುಂದೆ ಬಹಳ ಹೊತ್ತು ಗೊಣಗುತ್ತಿದ್ದರು.

ಫೆಬ್ರವರಿ ೨೬

ಮನೆಯಲ್ಲಿ ಚಹಾ ಪುಡಿ ಮಾಯವಾಗಿದೆ. ಊಟದ ಆಸುಪಾಸಿನಲ್ಲಿ ಚಹಾ ಕುಡಿದರೆ ಮಾತ್ರೆ ಮೈಗೆ ಹತ್ತುವುದಿಲ್ಲ ಎಂದು ಡಾಕ್ಟರು ಒಂದು ಮಾತು ಹೇಳಿದ್ದರು. ಅತ್ತೆ ಅದನ್ನು ಇಡೀ ದಿನಕ್ಕೆ ಅನ್ವಯಿಸಿ ಡಬ್ಬಿಯನ್ನೇ ಎಲ್ಲಿಯೋ ಇಟ್ಟಿದ್ದಾರೆ. ಯಜಮಾನರು ಡ್ಯೂಟಿ ಮುಗಿಸಿ ಬಂದು ಚಹಾ ಕೇಳಿದರೆ ನಿಂಬೆ ಶರಬತ್ತು ಸಿಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಕುಡಿದೇ ಬರುತ್ತಾರೆ, ನನಗೆ ಗೊತ್ತು, ಅತ್ತೆಗೆ ಹೇಳಿಲ್ಲ. ವಾರಕ್ಕೆ ಎರಡು ಸಲ ಆಡಿನ ಖಲೀಜಾ, ಅಂದರೆ ಲಿವರ್, ತರಿಸಿ ಮೆಣಸು ಹಾಕಿ ಹುರಿಯುತ್ತಾರೆ. ಯಶೋದಾ ಮೂಗು ಮುಚ್ಚಿಕೊಂಡು ಪಾಲು ಕೇಳುತ್ತಾಳೆ.

ಮಾವ ಪರಮಣ್ಣನವರು ಗೂಗಲ್ಲಿನಿಂದ ಫೋನ್ ಮಾಡಿದ್ದರು. ಹಿಂಡು ನೋಡಿಕೊಂಡು ಒಬ್ಬರೇ ಅಡುಗೆ ಮಾಡಿಕೊಂಡು ಬೇಸತ್ತಿದ್ದಾರೆ. ಯಾವಾಗ ಬರುತ್ತೀ ಎಂದು ಕೇಳಿದ್ದಕ್ಕೆ ಅತ್ತೆ, ಮರಿ ಹಾಕಿದ ಕುರಿ ಬಿಟ್ಟು ಬರ್ತೀಯೇನು ನೀ, ಹಂಗ ಇದೂ ಅಂದರು. ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ. ಮೂರು ದಿನದ ಬಟ್ಟೆ ಒಂದೇ ಸಲ ಮಡಚಿ ಮುಗಿಸಿದ್ದೆ. ಹೊಸ ಸೋಪಿನ ಪುಡಿ ಚೆನ್ನಾಗಿದೆ, ಒಗೆಯುವ ಕೆಲಸ ಹಗುರವಾಗಿದೆ.

ಮಾರ್ಚ್ ೭

ವಿಮೆ ಕಂಪನಿಯಿಂದ ಉತ್ತರ ಬಂದಿದೆ ಎಂದು ಸುಭಾಷ್ ಫೋನ್ ಮಾಡಿದರು. ನನಗೂ ವಿಮೆ ಕೊಡುತ್ತಾರೆ. ಆದರೆ ರಕ್ತಹೀನತೆಯಿಂದಾಗಲಿ ಗರ್ಭಕೋಶದ ಗಡ್ಡೆಯಿಂದಾಗಲಿ ಅಲ್ಲಿ ತೊಂದರೆಯಾದರೆ ಖರ್ಚು ನಮ್ಮದು. ಉಳಿದ ಕಾಯಿಲೆಗೆ, ಅಪಘಾತಕ್ಕೆ ಎಲ್ಲದಕ್ಕೂ ಅವರದು. ಅದೂ ಡಾಕ್ಟರು ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂದು ಬರೆದುಕೊಟ್ಟರೆ ಮಾತ್ರ. ಮುಚ್ಚಿಟ್ಟಿದ್ದರೆ ಕಾಲು ಮುರಿದಿದ್ದಕ್ಕೂ ಅವರು ತಕರಾರು ತೆಗೆಯಬಹುದಿತ್ತು ಎಂದು ವಿವರಿಸಿದರು. ಫೋನ್ ಹಿಡಿದೇ ಅತ್ತೆಗೆ ಒಂದೊಂದು ಮಾತೂ ಬಿಡಿಸಿ ಹೇಳಿದೆ. ನ್ಯಾಯ ಅದ ಅಂದರು.

ಮಿಲ್ಲಿನಲ್ಲಿ ಬಾಕಿ ಉಳಿದಿದ್ದ ಪತ್ರಗಳನ್ನೆಲ್ಲ ಈ ವಾರ ಮುಗಿಸಿದೆ. ಆರೋಗ್ಯವೇನಮ್ಮಾ ಎಂದು ಶರಣಯ್ಯನವರು ಕೇಳಿದರು. ಕೆಲಸ ಕಡಿಮೆ ಇತ್ತು ಎಂದೆ.

ಮಾರ್ಚ್ ೧೨

ರಕ್ತ ಒಂಬತ್ತಕ್ಕೆ ಬಂದಿದೆ. ಡಾಕ್ಟರು ಹತ್ತು ದಾಟದೆ ಪತ್ರ ಕೊಡುವುದಿಲ್ಲ. ಕೀನ್ಯಾಕ್ಕೆ ಹೋಗಲು ಹಳದಿ ಜ್ವರದ ಲಸಿಕೆ ಬೇಕು, ಅದನ್ನು ಹೊರಡುವ ಹತ್ತು ದಿನ ಮುಂಚೆಯಾದರೂ ಹೈದರಾಬಾದಿಗೆ ಹೋಗಿ ಹಾಕಿಸಿಕೊಳ್ಳಬೇಕು. ಆದ್ದರಿಂದ ತಿಂಗಳ ಕೊನೆಗೆ ಇನ್ನೊಂದು ಪರೀಕ್ಷೆ. ಅದರಲ್ಲಿ ಆಗದಿದ್ದರೆ ಇಲ್ಲ. ಹೊರಗೆ ಬಂದಾಗ ನನ್ನ ಕಣ್ಣಲ್ಲಿ ನೀರು ಬಂತು. ಯಾಕೆಂದರೆ ನನಗೆ ಹೋಗಬೇಕೆಂದು ಆಸೆಯಾಗಿದೆ. ಮೊದಲು ಇರಲಿಲ್ಲ. ಸಾವಿರ ಕುರಿಗಾರರು, ಅವರ ಭಾಷೆಗಳು, ಬಯಲು. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿ, ಒಂಬತ್ತು ಬಂದದ್ದು ಹತ್ತು ಬರಂಗಿಲ್ಲೇನು ಅಂದರು.

ಮಾರ್ಚ್ ೧೯, ಗೂಗಲ್

ಯುಗಾದಿ. ಹೋಳಿಗೆಗೆ ಹಿಟ್ಟು ನಾನೇ ನಾದಿದೆ, ಹೂರಣ ನಾನೇ ರುಬ್ಬಿದೆ. ನೆಂಟರೆಲ್ಲ ಉಂಡು ಮಲಗಿದರು. ನನಗೆ ನಿದ್ದೆ ಬರಲಿಲ್ಲ. ಅತ್ತೆ ಕತ್ತರಿಸಿಟ್ಟಿದ್ದ ಉಣ್ಣೆಯನ್ನು ಹೊಳೆಗೆ ಒಯ್ದು ಹೆಂಗಸರ ಜೊತೆ ತೊಳೆದೆ. ಬಿಸಿಲು, ಬಿಸಿಲು ಎಂದು ಎಲ್ಲರೂ ಗೋಳಾಡುತ್ತಿದ್ದರು. ಈ ವರ್ಷ ಯುಗಾದಿಗೆ ಅಷ್ಟೇನೂ ಬಿಸಿಲಿಲ್ಲ ಅನ್ನಿಸಿತು. ಮಾವನವರು ನಾನು ತೊಳೆದ ಉಣ್ಣೆಯ ರಾಶಿ ನೋಡಿ, ಯಾರ್ಯಾರು ಬಂದಿದ್ರು ಎಂದು ಕೇಳಿದರು.

ಸಂಜೆ ಹಿಂಡು ಬಂದ ಮೇಲೆ ಭಾಷಣದ ತಾಲೀಮು ಮಾಡಿದೆವು. ಅತ್ತೆ ದೊಡ್ಡಿಯ ಕಲ್ಲಿನ ಮೇಲೆ ಕೂತು ಹೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಯಶೋದಾ ಕೇಳುವವಳು. ದೊಡ್ಡ ಮಾತೇನೂ ಇಲ್ಲ. ತಮ್ಮ ತವರು ಬಾಗಲವಾಡದಲ್ಲಿ ಕಾಲುವೆ ಬಂದು ಬಯಲೆಲ್ಲ ಭತ್ತದ ಗದ್ದೆಯಾದದ್ದು, ಕುರಿ ಮೇಯುವ ಜಾಗ ಕಿರಿದಾದದ್ದು, ಬೇರೆ ತಳಿ ತಂದವರ ಕುರಿ ಬೇಸಿಗೆಯಲ್ಲಿ ಉರುಳಿದರೂ ಈ ಕರಿ ಕುರಿ ನಿಂತದ್ದು. "ಕುರಿ ಕೂಗಿದ್ರ ಗೊತ್ತಾಗ್ತದ, ಕೂಗದಿದ್ರ ಗೊತ್ತಾಗಂಗಿಲ್ಲ. ಕೂಗದೋವನ್ನ ದಿನಾ ಮುಟ್ಟಿ ನೋಡಬೇಕು" ಎಂದು ಒಂದು ಕಡೆ ಹೇಳಿ ನಿಂತರು. ಆ ಮಾತು ಹಿಂದೆ ಇರಲಿಲ್ಲ, ಇವತ್ತು ಹೊಸದಾಗಿ ಸೇರಿಸಿದರು. ಇಂಗ್ಲಿಷಿನಲ್ಲಿ ಹೇಳಲು ನನಗೆ ಸ್ವಲ್ಪ ತಡವಾಯಿತು. ಚೆನ್ನಾಗಿದೆ, ಇರಲಿ ಎಂದೆ.

ಇಷ್ಟುದ್ದ ಬರೆದುಬಿಟ್ಟೆ. ಪೆನ್ನು ಚೆನ್ನಾಗಿದೆ.

ಮಾರ್ಚ್ ೨೮

ಹತ್ತೂವರೆ ದಾಟಿದೆ. ಡಾಕ್ಟರು ಪತ್ರಕ್ಕೆ ಸಹಿ ಹಾಕಿದರು. ಕೀನ್ಯಾದಲ್ಲೂ ಮಾತ್ರೆ ಬಿಡಬಾರದು, ಬಂದ ಮೇಲೆ ಮತ್ತೆ ತೋರಿಸಬೇಕು. ಅಲ್ಲಿ ಸೊಳ್ಳೆಯಿಂದ ಬರುವ ಮಲೇರಿಯಾಕ್ಕೆ ಬೇರೆ ಮಾತ್ರೆ ಬರೆದಿದ್ದಾರೆ, ಕುದಿಸಿದ ನೀರನ್ನೋ ಬಾಟಲಿ ನೀರನ್ನೋ ಕುಡಿಯಲು ಹೇಳಿದ್ದಾರೆ. ಅತ್ತೆ ಡಾಕ್ಟರಿಗೆ ಕೈಮುಗಿದು, ಗೂಗಲ್ಲಿಗೆ ಬರ್ರಿ, ಕಂಬಳಿ ಕೊಡ್ತೀನಿ ಅಂದರು. ಈ ಸೆಕೆಯಲ್ಲಿ ಕಂಬಳಿಯೇ ಎಂದು ಡಾಕ್ಟರು ನಕ್ಕರು.

ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ತಾವಾಗಿಯೇ ಚಹಾ ಹೇಳಿದರು. ಒಂದನ್ನೇ ಇಬ್ಬರೂ ಹಂಚಿಕೊಂಡೆವು.

ಏಪ್ರಿಲ್ ೩, ಹೈದರಾಬಾದು

ಲಸಿಕೆಯ ಸರ್ಕಾರಿ ಕೇಂದ್ರದಲ್ಲಿ ನನ್ನದು ಬೇಗ ಆಯಿತು. ಅತ್ತೆಯ ಪಾಸ್‌ಪೋರ್ಟು ನೋಡಿ ಅಲ್ಲಿನ ಡಾಕ್ಟರು ಪೆನ್ನು ಕೆಳಗಿಟ್ಟರು. ಅರವತ್ತು ದಾಟಿದವರಿಗೆ ಈ ಲಸಿಕೆ ಮೊದಲ ಸಲ ಕೊಡುವಾಗ ಯೋಚಿಸಬೇಕಾಗುತ್ತದೆ, ತೀರ ಅಪರೂಪಕ್ಕೆ ಜೋರು ತೊಂದರೆಯಾಗುವುದುಂಟು ಎಂದರು. ವಯಸ್ಸು ನಿಜವೇ ಎಂದು ಕೇಳಿದರು. ಎಪ್ಪತ್ತೆರಡರ ದೊಡ್ಡ ಬರದ ವರ್ಷ ತಾನು ಕುರಿಮರಿ ಹೊತ್ತು ನಡೆಯುವಷ್ಟಾಗಿದ್ದೆ ಎಂದು ಅತ್ತೆ ಲೆಕ್ಕ ಹೇಳಿದರು. ಡಾಕ್ಟರು ಮೂಲತಃ ತೆಲುಗಿನವರು, ಅತ್ತೆಯ ತೆಲುಗೂ ಕನ್ನಡವೂ ಕಲಸಿದ ಮಾತು ಅವರಿಗೆ ಸಲೀಸಾಗಿ ಅರ್ಥವಾಯಿತು. ಲೆಕ್ಕ ಹಾಕಿ, ಹಾಗೆ ನೋಡಿದರೂ ಅರವತ್ತು ದಾಟಿದೆಯಲ್ಲಮ್ಮಾ ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಅತ್ತೆಯನ್ನು ಹೊರಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿ ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಬೇಡವೆಂದರೆ ಇಲ್ಲಿಂದಲೇ ಮನೆಗೆ ಹೋಗೋಣ, ನನಗೆ ಕೀನ್ಯಾ ಬೇಡ, ನೀವು ಬೇಕು ಎಂದೆ. ಈ ಮಾತು ಬಾಯಿಂದ ಹೇಗೆ ಬಂತೋ.

"ನೀ ಎಲ್ಲಾ ಬಿಡಿಸಿ ಹೇಳಿದಿ. ಕೇಳಿ ತಿಳಕೊಂಡೀನಿ. ಹಾಕಿಸ್ಕೋತೀನಿ. ನನಗ ಹೋಗಬೇಕು ಅನಿಸ್ತದ ರಾಧಾ."

ಡಾಕ್ಟರು ರಾಯಚೂರಿನ ಪತ್ರ, ಇಸಿಜಿ ಎಲ್ಲ ನೋಡಿ, ಮೊಟ್ಟೆ ಮೈಗೆ ಒಗ್ಗುತ್ತದೆಯೇ, ಬೇರೆ ಔಷಧಿ ಇದೆಯೇ ಎಂದು ಕೇಳಿ ಕೊನೆಗೆ ಸೂಜಿ ಚುಚ್ಚಿದರು. ಲಸಿಕೆ ಹಾಕಿಸಿದ್ದಕ್ಕೆ ದಾಖಲೆಯಾಗಿ ಇಬ್ಬರಿಗೂ ಹಳದಿ ಬಣ್ಣದ ಸಣ್ಣ ಪುಸ್ತಕ ಕೊಟ್ಟರು.

ಏಪ್ರಿಲ್ ೭

ಅತ್ತೆಗೆ ಎರಡು ದಿನ ಮೈ ಬಿಸಿಯಿತ್ತು, ತೋಳು ನೋವಿತ್ತು. ಹಾಸಿಗೆ ಬಿಟ್ಟು ಏಳಗೊಡಲಿಲ್ಲ ನಾನು. ಮನೆ, ಮಿಲ್ಲು, ಅತ್ತೆ, ಮೂರನ್ನೂ ನೋಡಿಕೊಂಡೆ. ಗಂಜಿ ಮಾಡಿಕೊಟ್ಟರೆ ಖಾರವಿಲ್ಲವೆಂದು ಬೈದರು. ಇವತ್ತು ಎದ್ದು ತಾವೇ ಶೇಂಗಾ ಕುಟ್ಟಿದರು. ಹೈದರಾಬಾದಿನ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದೆ, ಅಷ್ಟಾಗುವುದು ಸಹಜ, ಇನ್ನು ಭಯವಿಲ್ಲ ಎಂದರು.

ಏಪ್ರಿಲ್ ೧೮, ರೈಲಿನಲ್ಲಿ

ಹೊರಟೆವು. ರಾಯಚೂರು ಸ್ಟೇಷನ್ನಿಗೆ ಮಾವನವರು, ಯಜಮಾನರು, ಯಶೋದಾ, ಸುಭಾಷ್ ಎಲ್ಲರೂ ಬಂದಿದ್ದರು. ಸುಭಾಷ್ ವಿಮೆಯ ಕಾಗದದ ಮೇಲೆ ಫೋನ್ ನಂಬರಿಗೆ ಕೆಂಪು ಗೆರೆ ಎಳೆದುಕೊಟ್ಟರು, ಇದು ಬಳಕೆಗೆ ಬರದೇ ಇರಲಿ ಎಂದು ಹಾರೈಸಿದರು. ಮಾವನವರು ಹೆಂಡತಿಗೆ, ಕುರಿಗಳ ಚಿಂತಿ ಮಾಡಬ್ಯಾಡ ಅಂದರು.

ಪ್ಲಾಟ್‌ಫಾರಂ ಬದಲಾಗಿದೆ ಎಂದು ಹೇಳಿದ್ದರಿಂದ ಮೇಲ್ಸೇತುವೆ ಹತ್ತಬೇಕಾಯಿತು. ಯಜಮಾನರು ಕೈ ಚಾಚುವ ಮೊದಲೇ ಎರಡೂ ಬ್ಯಾಗು ಹಿಡಿದು ಹತ್ತಿದೆ. ಮೇಲೆ ಹೋಗಿ ತಿರುಗಿ ನೋಡಿದರೆ ಅತ್ತೆ ನಡುಮೆಟ್ಟಿಲಲ್ಲೇ ಕಂಬಿ ಹಿಡಿದು ನಿಂತಿದ್ದರು. ಬ್ಯಾಗು ಅಲ್ಲೇ ಬಿಟ್ಟು ಕೆಳಗೆ ಓಡಿದೆ. ಉಸಿರು ಕಟ್ಟುತ್ತದೆಯೇ, ಎದೆ ನೋಯುತ್ತದೆಯೇ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತ ನಗತೊಡಗಿದರು. ಕಣ್ಣಲ್ಲಿ ನೀರೂ ಇತ್ತು, ಧೂಳು ಬಿದ್ದಿರಬೇಕು.

"ನನಗೇನಾಗಿಲ್ಲ ಬೇ. ನೀ ಹಿಂಗ ಓಡಿದ್ರ ನಿನ್ನ ಹಿಂದ ಯಾರು ಬರಬೇಕು?"

ಅವರ ಕೈ ಹಿಡಿದುಕೊಂಡೇ ಹತ್ತಿಸಿದೆ. ಈಗ ಎದುರಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾರೆ. ಅತ್ತೆ ಈಚೆಗೆ ಬಹಳ ನಿಧಾನವಾಗಿದ್ದಾರೆ. ವಯಸ್ಸಾಯಿತು, ನಾನು ಗಮನಿಸಿಯೇ ಇರಲಿಲ್ಲ. ಅಲ್ಲಿ ಅವರ ಹೆಜ್ಜೆ ನೋಡಿಕೊಂಡು ನಡೆಯಬೇಕು, ಮುಂದೆ ಮುಂದೆ ಹೋಗಬಾರದು. ಬಂದ ಮೇಲೆ ಒಮ್ಮೆ ಡಾಕ್ಟರಿಗೂ ಕೇಳಬೇಕು.

ಕೃಷ್ಣಾ ಸೇತುವೆ ಬರುತ್ತಿದೆ. ಹೊಳೆಗೆ ನಾಣ್ಯ ಹಾಕಬೇಕು, ಎಬ್ಬಿಸು ಎಂದಿದ್ದರು. ಎಬ್ಬಿಸುತ್ತೇನೆ.